ಕೋರ್ಸಿನ ಗುಣಮಟ್ಟವನ್ನು ಯಾರು, ಯಾವಾಗ, ಹೇಗೆ ನೋಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಅದರ ಜೊತೆಗೆ ಎಂಟು ವರ್ಷದಿಂದ ಆಂತರಿಕ ಗುಣಮಟ್ಟ ಭರವಸಾ ಕೋಶದ ಜವಾಬ್ದಾರಿಯೂ ಹೆಗಲಿಗೆ ಬಿದ್ದಿದೆ. ಈ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು ಐಕ್ಯೂಎಸಿ. ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮ, ಹೊಸದಾಗಿ ಕೆಲಸಕ್ಕೆ ಸೇರಿದ ಲೆಕ್ಚರರ್, ಫೀಡ್‌ಬ್ಯಾಕ್ ಫಾರ್ಮ್ ಕಂಡು ಮುಖ ಸಿಂಡರಿಸುವ ಹುಡುಗರು, ಎಲ್ಲರೂ ಸುತ್ತಿ ಬಳಸಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಆದೀತು ಅಂತ ಇದು.

ಕಾಲೇಜಿಗೆ ನ್ಯಾಕ್ ಎ ಪ್ಲಸ್ ಉಂಟು. ಅಂದ ಮೇಲೆ ನನ್ನ ಮಗಳು ಸೇರುವ ಬಿಕಾಂ ಕೂಡ ಒಳ್ಳೆಯದೇ ಅಲ್ವಾ?

ಹಾಗೆ ಹೇಳಲಿಕ್ಕೆ ಬರುವುದಿಲ್ಲ. ನ್ಯಾಕ್ ಅಂದರೆ ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಅದು ಕೊಡುವ ಗ್ರೇಡು ಇಡೀ ಸಂಸ್ಥೆಗೆ. ಲೈಬ್ರರಿ, ಹಾಸ್ಟೆಲ್, ಆಡಳಿತ, ಸಂಶೋಧನೆ, ಎನ್‌ಎಸ್‌ಎಸ್ ಎಲ್ಲ ಸೇರಿ ಒಂದು ಅಂಕೆ ಬರುತ್ತದೆ. ಕೆಮಿಸ್ಟ್ರಿ ವಿಭಾಗ ಭರ್ಜರಿಯಾಗಿದ್ದು, ಬಿಕಾಂನಲ್ಲಿ ಅರ್ಧ ಪೇಪರಿಗೆ ಗೆಸ್ಟ್ ಲೆಕ್ಚರರ್‌ಗಳೇ ಗತಿ ಎಂದಾದರೂ ಬಾಗಿಲಿನ ಬೋರ್ಡಿನಲ್ಲಿ ಎ ಪ್ಲಸ್ ಅಂತಲೇ ಇರುತ್ತದೆ. ಹೋಟೆಲಿಗೆ ಒಳ್ಳೆ ಹೆಸರಿದ್ದ ಮಾತ್ರಕ್ಕೆ ಅಲ್ಲಿನ ಗೋಳಿಬಜೆ ಇವತ್ತು ಬಿಸಿ ಇದೆ ಅಂತ ಲೆಕ್ಕವೆ? ಕೋರ್ಸನ್ನು ಕೋರ್ಸಾಗಿ ನೋಡುವ ಕ್ರಮವೇ ಬೇರೆ ಉಂಟು. ಅದು ಬೋರ್ಡಿನ ಮೇಲೆ ಬರುವುದಿಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ.

ಹಾಗಾದರೆ ಒಂದು ಕೋರ್ಸನ್ನು ನೋಡುವವರು ಯಾರು?

ಆ ಕೋರ್ಸಿನ ಸಿಲೆಬಸ್ ಎಲ್ಲಿ ಬರೆಯಲ್ಪಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ನೋಡಿ. ಒಂದೇ ಸೀಟಿನಲ್ಲಿ ಮೂರು ಮಕ್ಕಳು, ಹಿಂದಿನ ಸೀಟಿನಲ್ಲಿ ಇನ್ನಿಬ್ಬರು. ಬಿಕಾಂ ಹುಡುಗಿಯ ಸಿಲೆಬಸ್ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ್ದು. ಪಕ್ಕದ ಇಂಜಿನಿಯರಿಂಗ್ ಹುಡುಗನದ್ದು ಬೆಳಗಾವಿಯ ವಿಟಿಯುನದ್ದು. ನರ್ಸಿಂಗ್ ಓದುವವಳದ್ದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದು, ಕಾನೂನು ಓದುವವನದ್ದು ಹುಬ್ಬಳ್ಳಿಯಿಂದ ಬರುವುದು. ಮೀನುಗಾರಿಕಾ ಕಾಲೇಜಿನವನು ಬಲಗಡೆ ಕಿಟಕಿಯಲ್ಲಿ ಅರಬ್ಬೀ ಸಮುದ್ರ ನೋಡುತ್ತಾ ಕೂತಿದ್ದರೂ ಅವನ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲಿ! ಸುರತ್ಕಲ್ಲಿನ ಎನ್‌ಐಟಿಕೆ, ಮಣಿಪಾಲದ ಮಾಹೆ ಇವೆಲ್ಲ ತಮ್ಮ ಸಿಲೆಬಸ್ಸನ್ನು ತಾವೇ ಬರೆದುಕೊಳ್ಳುತ್ತವೆ.

ಎಲ್ಲಿ ಬರೆದರೂ ದಾರಿ ಹೆಚ್ಚು ಕಡಿಮೆ ಒಂದೇ. ಪ್ರತಿ ವಿಷಯಕ್ಕೊಂದು ಅಧ್ಯಯನ ಮಂಡಳಿ, ನಾವು ಬಿಒಎಸ್ ಅನ್ನುತ್ತೇವೆ. ಅಲ್ಲಿ ಪಾಸಾದದ್ದು ಶೈಕ್ಷಣಿಕ ಮಂಡಳಿಗೆ ಹೋಗುತ್ತದೆ. ಹಣಕಾಸು, ಹೊಸ ಹುದ್ದೆ ಬೇಕಾದ ವಿಷಯವಾದರೆ ವಿಶ್ವವಿದ್ಯಾಲಯದ ಆಡಳಿತ ನೋಡುವ ಸಿಂಡಿಕೇಟಿನವರೆಗೂ ಹೋದೀತು. ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಬಿಒಎಸ್ ಇರುತ್ತದೆ. ಅದರಲ್ಲಿ ಹೊರಗಿನ ವಿಷಯ ತಜ್ಞರು, ಕುಲಪತಿಗಳ ಕಡೆಯಿಂದ ಒಬ್ಬರು, ಉದ್ಯಮದವರೊಬ್ಬರು, ಹಳೆ ವಿದ್ಯಾರ್ಥಿ ಒಬ್ಬರು ಇರಬೇಕು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮ.

ನಮ್ಮಂಥ ಸಂಯೋಜಿತ ಕಾಲೇಜಿಗೆ ಆ ಸ್ವಾತಂತ್ರ್ಯ ಇಲ್ಲ. ಕೊಣಾಜೆಯಿಂದ ಬಂದದ್ದನ್ನು ಪಾಠ ಮಾಡಬೇಕು. ಆದರೆ ಹೇಗೆ ಪಾಠ ಮಾಡಿದಿರಿ, ಮಕ್ಕಳಿಗೆ ಏನು ದಕ್ಕಿತು ಅನ್ನುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಅದನ್ನು ಪರಿಶೀಲಿಸಲಿಕ್ಕೆ ಯಾರ ಅಪ್ಪಣೆಯೂ ಬೇಡ.

ಬಿಒಎಸ್ ಮೀಟಿಂಗಿನಲ್ಲಿ ನಿಜಕ್ಕೂ ಎಂತ ನಡೆಯುತ್ತದೆ?

ಒಳ್ಳೆಯದೂ ನಡೆಯುತ್ತದೆ, ಕೆಟ್ಟದ್ದೂ ನಡೆಯುತ್ತದೆ. ಎರಡನ್ನೂ ಹೇಳುತ್ತೇನೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆಗ ನಾನು ಪಾಠ ಮಾಡುತ್ತಿದ್ದ ಪರೋಕ್ಷ ತೆರಿಗೆ ಪೇಪರಿನಲ್ಲಿ ವ್ಯಾಟ್, ಕೇಂದ್ರ ಅಬಕಾರಿ ಸುಂಕ ಅಂತಲೇ ಇತ್ತು. ಆಗಸ್ಟಿನಲ್ಲಿ ಒಬ್ಬ ಹುಡುಗ ಕ್ಲಾಸ್ ಮುಗಿದ ಮೇಲೆ ಬಂದು ನಿಂತ. ಅವನ ಅಪ್ಪನದ್ದು ಹಾರ್ಡ್‌ವೇರ್ ಅಂಗಡಿ. "ಸರ್, ಅಂಗಡಿಯಲ್ಲಿ ಅಪ್ಪ ಜಿಎಸ್‌ಟಿ ಬಿಲ್ ಹಾಕ್ಲಿಕ್ಕೆ ಶುರು ಮಾಡಿದ್ದಾರೆ. ನಾನಿಲ್ಲಿ ವ್ಯಾಟ್ ಕಲೀತಾ ಇದ್ದೇನೆ. ಮನೆಗೆ ಹೋಗಿ ಎಂತ ಹೇಳುವುದು?" ಅಂದ. ನಾನು ಹೇಳಿದ್ದು, "ಪರೀಕ್ಷೆಗೆ ಇದನ್ನೇ ಬರಿ ಮಾರಾಯ." ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆ.

ಸಿಲೆಬಸ್ ಅಷ್ಟು ಬೇಗ ಬದಲಾಗುವುದಿಲ್ಲ, ಸರಿ. ಮೀಟಿಂಗ್ ಕರೆಯಬೇಕು, ಪಾಸಾಗಬೇಕು, ಅಚ್ಚಾಗಬೇಕು, ಪುಸ್ತಕ ಬರಬೇಕು. ಆದರೆ ಎರಡು ಗಂಟೆ ಹೆಚ್ಚಿಗೆ ಪಾಠ ಮಾಡಿ ಅಪ್ಪನ ಬಿಲ್ ಪುಸ್ತಕವನ್ನೇ ಕ್ಲಾಸಿಗೆ ತರಿಸಲಿಕ್ಕೆ ಯಾರೂ ಅಡ್ಡ ಬರುತ್ತಿರಲಿಲ್ಲ. ಮರುವರ್ಷ ಹಾಗೇ ಮಾಡಿದೆ.

ಕೆಟ್ಟ ಬಿಒಎಸ್ ಅಂದರೆ: ಬೆಳಿಗ್ಗೆ ಹನ್ನೊಂದಕ್ಕೆ ಸೇರಿ, ಹಳೆ ಸಿಲೆಬಸ್ಸಿನ ಯೂನಿಟ್ ಮೂರನ್ನು ನಾಲ್ಕಕ್ಕೆ, ನಾಲ್ಕನ್ನು ಮೂರಕ್ಕೆ ಹಾಕಿ, ಆಕರ ಗ್ರಂಥಗಳ ಪಟ್ಟಿಗೆ ಎರಡು ಹೆಸರು ಸೇರಿಸಿ, "ಶೇಕಡಾ ಇಪ್ಪತ್ತು ಬದಲಾವಣೆ" ಅಂತ ಬರೆದು ಊಟಕ್ಕೆ ಏಳುವುದು. ಒಳ್ಳೆ ಬಿಒಎಸ್‌ಗೂ ನಾನು ಹೋಗಿದ್ದೇನೆ. ಅಲ್ಲಿ ಅಧ್ಯಕ್ಷರು ಸಿಲೆಬಸ್ ತೆರೆಯುವ ಮೊದಲು ಕಳೆದ ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದರು. ಐದನೇ ಯೂನಿಟ್‌ನಿಂದ ಮೂರು ವರ್ಷವೂ ಒಂದೇ ಪ್ರಶ್ನೆ ಬಂದಿತ್ತು, ಅದೂ ಆಯ್ಕೆಯ ಪ್ರಶ್ನೆ. ಅಂದರೆ ಆ ಯೂನಿಟನ್ನು ಯಾರೂ ಪಾಠ ಮಾಡುತ್ತಿಲ್ಲ. "ಇದನ್ನು ತೆಗೆಯೋಣವೋ, ಪಾಠ ಮಾಡೋಣವೋ?" ಅಂತ ಕೇಳಿದರು. ಅರ್ಧ ಗಂಟೆ ಜಗಳವಾಯಿತು. ಗುಣಮಟ್ಟದ ಪರಿಶೀಲನೆ ಅಂತ ನಾನು ಕಣ್ಣಾರೆ ಕಂಡದ್ದು ಆ ಅರ್ಧ ಗಂಟೆಯಲ್ಲಿ.

ಎಷ್ಟು ವರ್ಷಕ್ಕೊಮ್ಮೆ ಪರಿಶೀಲನೆ?

ನ್ಯಾಕ್ ಮಾನ್ಯತೆ ಸಾಮಾನ್ಯವಾಗಿ ಐದು ವರ್ಷಕ್ಕೆ. ಸತತವಾಗಿ ಮೇಲಿನ ಗ್ರೇಡು ಉಳಿಸಿಕೊಂಡು ಬಂದವರಿಗೆ ಏಳು ವರ್ಷದವರೆಗೂ ಸಿಕ್ಕಿದ್ದುಂಟು. ಇಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅದನ್ನು ಮೂರು ವರ್ಷಕ್ಕೋ ಆರು ವರ್ಷಕ್ಕೋ ಕೊಡುತ್ತದೆ. ನಡುವೆ ಪ್ರತಿ ವರ್ಷ ಐಕ್ಯೂಎಸಿಯವರು ವಾರ್ಷಿಕ ಗುಣಮಟ್ಟ ವರದಿ, ಅಂದರೆ ಎಕ್ಯೂಎಆರ್, ಕಳಿಸಬೇಕು. ಅಮೆರಿಕ, ಬ್ರಿಟನ್ ಕಡೆ ವಿಭಾಗಗಳು ಐದರಿಂದ ಹತ್ತು ವರ್ಷದೊಳಗೆ ಒಮ್ಮೆ ತಮ್ಮ ಬಗ್ಗೆ ತಾವೇ ವರದಿ ಬರೆದು, ಬೇರೆ ವಿಶ್ವವಿದ್ಯಾಲಯದ ತಜ್ಞರನ್ನು ಕರೆಸಿ ತೋರಿಸಿ, ಅವರ ಟಿಪ್ಪಣಿಗೆ ಉತ್ತರ ಕೊಡುವ ಪದ್ಧತಿ ಇದೆ. ನಮ್ಮದೂ ಅದೇ ಅಚ್ಚಿನದ್ದು.

ಸಿಲೆಬಸ್ಸಿನ ಲೆಕ್ಕ ಕೇಳಿದರೆ ಮಾತ್ರ ನಗು ಬರುತ್ತದೆ. ಒಂದು ಸಿಲೆಬಸ್ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಕನಿಷ್ಠ ಎರಡು ಮೂರು ಬ್ಯಾಚ್ ಅದರಲ್ಲಿ ಓದಿ ಹೊರಗೆ ಹೋಗಬೇಕು. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲೆಬಸ್ ಬಂದದ್ದು 2021-22ರಲ್ಲಿ. ಆ ಮಕ್ಕಳು ಮೂರು ವರ್ಷ ಮುಗಿಸಿ 2024ರಲ್ಲಿ ಹೊರಬಿದ್ದರು. 2024-25ಕ್ಕೆ ರಾಜ್ಯ ಸರಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಚೌಕಟ್ಟಿಗೆ ಹೋಯಿತು, ಹೊಸ ಸಿಲೆಬಸ್ ಬಂತು. ಹೊರಬಿದ್ದದ್ದು ಒಂದೇ ಬ್ಯಾಚ್! ಆ ವರ್ಷ ನಮ್ಮ ಕಾರಿಡಾರಿನಲ್ಲಿ ಮೊದಲ ವರ್ಷದವರು ಒಂದು ನೀತಿಯಲ್ಲಿ, ಎರಡನೇ ಮೂರನೇ ವರ್ಷದವರು ಇನ್ನೊಂದು ನೀತಿಯಲ್ಲಿ. ಯಾವ ನೀತಿ ಒಳ್ಳೆಯದು ಅಂತ ನಾನು ಇಲ್ಲಿ ವಾದಕ್ಕೆ ನಿಲ್ಲುವುದಿಲ್ಲ. ಆದರೆ ಗಿಡ ನೆಟ್ಟು, ಬೇರು ಬಂತಾ ನೋಡಲಿಕ್ಕೆ ದಿನಾ ಕಿತ್ತು ನೋಡಿದರೆ ಹೇಗೆ?

ಎಲ್‌ಐಸಿಯವರು ಬರುತ್ತಾರಂತೆ. ಕಾಲೇಜಿಗೂ ಇನ್ಶೂರೆನ್ಸಾ?

ಅಲ್ಲ. ಅದು ವಿಶ್ವವಿದ್ಯಾನಿಲಯ ಕಳಿಸುವ ಸ್ಥಳೀಯ ವಿಚಾರಣಾ ಸಮಿತಿ. ಸಂಯೋಜನೆ ಮುಂದುವರಿಸಬಹುದೇ, ಕೋಣೆಗಳು ಸಾಕೇ, ಅಧ್ಯಾಪಕರು ಇದ್ದಾರೆಯೇ, ಹೊಸ ಕೋರ್ಸ್ ಕೇಳಿದ್ದೀರಲ್ಲ ಲ್ಯಾಬ್ ಎಲ್ಲಿ ಅಂತ ನೋಡುತ್ತಾರೆ. ಪಾಠದ ಗುಣಮಟ್ಟದ ತನಕ ಹೋಗಲಿಕ್ಕೆ ಅವರಿಗೆ ಸಮಯವೂ ಇರುವುದಿಲ್ಲ. ಹೊಸ ಗುಮಾಸ್ತರೊಬ್ಬರು ಒಮ್ಮೆ ಎಲ್‌ಐಸಿ ಬರುತ್ತದೆ ಅಂದಾಗ ಪಾಲಿಸಿ ಬಾಂಡ್ ಹಿಡಿದುಕೊಂಡು ಬಂದು ನಿಂತಿದ್ದರು.

ನ್ಯಾಕ್ ಅಂದರೆ ಏನು, ಅವರು ಏನೇನು ನೋಡುತ್ತಾರೆ?

ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ. 1994ರಲ್ಲಿ ಶುರುವಾದದ್ದು, ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ. 2012ರ ಯುಜಿಸಿ ನಿಯಮದಿಂದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕಡ್ಡಾಯ ಅಂತಾಯಿತು.

2017ರಲ್ಲಿ ಬಂದ ಚೌಕಟ್ಟಿನಲ್ಲಿ ಏಳು ಮಾನದಂಡ: ಪಠ್ಯಕ್ರಮ, ಬೋಧನೆ ಕಲಿಕೆ ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಮೌಲ್ಯಗಳು ಮತ್ತು ಒಳ್ಳೆ ಪದ್ಧತಿಗಳು. ಒಟ್ಟು 1000 ಅಂಕ. ಇಲ್ಲಿ ಒಂದು ಸೂಕ್ಷ್ಮ ಉಂಟು, ಅದನ್ನು ಬಹಳ ಜನ ಗಮನಿಸುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ 250, ಬೋಧನೆಗೆ 200. ಸಂಯೋಜಿತ ಕಾಲೇಜಿಗೆ ಬೋಧನೆಗೇ 350, ಪಠ್ಯಕ್ರಮಕ್ಕೆ 100. ಸಿಲೆಬಸ್ ಬರೆಯುವ ಅಧಿಕಾರ ಇಲ್ಲದವರಿಗೆ ಅದರ ಅಂಕ ಕಡಿಮೆ, ಪಾಠ ಮಾಡುವ ಹೊಣೆ ಇರುವವರಿಗೆ ಅದರ ಅಂಕ ಹೆಚ್ಚು. ನ್ಯಾಕಿನ ಬಗ್ಗೆ ನನಗೆ ಹತ್ತು ತಕರಾರು ಇರಬಹುದು, ಈ ಹಂಚಿಕೆ ಮಾತ್ರ ನ್ಯಾಯ.

ಆ ಚೌಕಟ್ಟಿನ ಕ್ರಮ ಹೀಗೆ: ಕಾಲೇಜು ಸ್ವ-ಅಧ್ಯಯನ ವರದಿ ಬರೆಯುತ್ತದೆ. ಅದರ ಅಂಕಿಅಂಶಗಳನ್ನು ಹೊರಗಿನ ಏಜೆನ್ಸಿ ತಾಳೆ ನೋಡುತ್ತದೆ, ನಾವು ಡಿವಿವಿ ಅನ್ನುತ್ತೇವೆ. ಅದರ ಪ್ರಶ್ನೆಗಳಿಗೆ ಉತ್ತರ ಕೊಡುವ ಹದಿನೈದು ದಿನ ಐಕ್ಯೂಎಸಿಯವರ ಮನೆಯವರು ನಮ್ಮನ್ನು ಮರೆತುಬಿಡಬೇಕು. ವಿದ್ಯಾರ್ಥಿಗಳಿಗೆ ನೇರ ಮೇಲ್ ಹೋಗುತ್ತದೆ. ಅದರಲ್ಲಿ 20 ಪ್ರಶ್ನೆಗೆ ಟಿಕ್, ಒಂದಕ್ಕೆ ಬರವಣಿಗೆ. ಆಮೇಲೆ ಪಿಯರ್ ಟೀಮ್, ಅಂದರೆ ಬೇರೆ ಸಂಸ್ಥೆಗಳ ಅಧ್ಯಾಪಕರ ಪರಿಶೀಲನಾ ತಂಡದ ಭೇಟಿ. ಕೊನೆಗೆ ನಾಲ್ಕಕ್ಕೆ ಇಷ್ಟು ಅಂತ ಅಂಕ: 3.51ರ ಮೇಲೆ ಎ ಪ್ಲಸ್ ಪ್ಲಸ್, 3.26ರಿಂದ ಎ ಪ್ಲಸ್, 3.01ರಿಂದ ಎ, ಹಾಗೇ ಇಳಿಯುತ್ತಾ 1.51ಕ್ಕೆ ಸಿ. ಅದಕ್ಕಿಂತ ಕೆಳಗೆ ಮಾನ್ಯತೆ ಇಲ್ಲ. 3.25ಕ್ಕೂ 3.26ಕ್ಕೂ ನಡುವೆ ಅತ್ತವರನ್ನು ನೋಡಿದ್ದೇನೆ.

ಈ ಅಕ್ಷರದ ಗ್ರೇಡು ಬಿಟ್ಟು "ಮಾನ್ಯತೆ ಉಂಟು, ಇಲ್ಲ" ಎಂಬ ಎರಡೇ ಉತ್ತರದ ಪದ್ಧತಿಗೆ, ಅದರ ಮೇಲೆ ಒಂದರಿಂದ ಐದರವರೆಗಿನ ಮಟ್ಟಗಳಿಗೆ ಹೋಗುವುದಾಗಿ 2024ರ ಜನವರಿಯಲ್ಲಿ ನ್ಯಾಕ್ ಪ್ರಕಟಿಸಿತು. ಹಾಗಾಗಿ ಬೋರ್ಡಿನ ಮೇಲಿನ ಗ್ರೇಡು ಯಾವ ವರ್ಷದ್ದು ಅಂತ ನೋಡಿಕೊಳ್ಳಿ.

ಪಿಯರ್ ಟೀಮ್ ಬರುವ ದಿನ ಕಾಲೇಜು ಮದುವೆ ಮನೆಯ ಹಾಗೆ ಯಾಕಾಗುತ್ತದೆ?

ಯಾಕೆಂದರೆ ನಾವು ಅತಿಥಿ ಸತ್ಕಾರದ ಊರಿನವರು! ಗೇಟಿನಲ್ಲಿ ಚೆಂಡೆ, ಬೆಳಿಗ್ಗೆ ಬನ್ಸ್, ಮಧ್ಯಾಹ್ನ ನೀರ್ದೋಸೆ, ಸಂಜೆ ಒಂದು ಗಂಟೆಯ ಯಕ್ಷಗಾನ. ಗೋಡೆಗೆ ಬಣ್ಣ ಬಳಿದ ವಾಸನೆ ಆರಿರುವುದಿಲ್ಲ. ಅದರಲ್ಲೂ ಮಳೆಗಾಲದಲ್ಲಿ ಬಂದರೆ ಮುಗಿಯಿತು. ನಮ್ಮಲ್ಲಿ ಒಮ್ಮೆ ಜುಲೈಯಲ್ಲಿ ಫೈಲ್ ಕೋಣೆಯ ಮೂಲೆ ಸೋರಿ, ಮೂರು ವರ್ಷದ ಹಾಜರಿ ಪುಸ್ತಕಗಳು ಹಲಸಿನ ಹಪ್ಪಳದ ಹಾಗೆ ಉಬ್ಬಿಕೊಂಡಿದ್ದವು. ಇಡೀ ರಾತ್ರಿ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಹಾಳೆ ಹಾಳೆ ಒಣಗಿಸಿದೆವು. ಈಗ ಎಲ್ಲ ಸ್ಕ್ಯಾನ್ ಆಗಿದೆ, ದೇವರ ದಯೆ.

ಆದರೆ ಆ ಭೇಟಿಯಲ್ಲಿ ನನಗೆ ನೆನಪುಳಿದದ್ದು ಬೇರೆ. ವಿದ್ಯಾರ್ಥಿಗಳ ಜೊತೆ ಮಾತುಕತೆ ಇತ್ತು. ನಾವು ಆಯ್ದು ಕೂರಿಸಿದ ಮಾತುಗಾರ ಮಕ್ಕಳು ಮೊದಲ ಸಾಲಿನಲ್ಲಿದ್ದರು. ತಂಡದ ಅಧ್ಯಕ್ಷರು ಅವರನ್ನು ಬಿಟ್ಟು ನಾಲ್ಕನೇ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದವಳನ್ನು ಎಬ್ಬಿಸಿದರು. "ಈ ಸೆಮಿಸ್ಟರಿನಲ್ಲಿ ಕಲಿತದ್ದನ್ನು ಕಾಲೇಜಿನ ಹೊರಗೆ ಎಲ್ಲಾದರೂ ಬಳಸಿದ್ದೀಯಾ?" ನನ್ನ ಎದೆ ಧಸಕ್ ಅಂತು. ಹುಡುಗಿ ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಹೇಳಿದಳು: ಅವಳ ಅಮ್ಮ ಬೀಡಿ ಕಟ್ಟುವವರು, ಊರಿನ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುವವರು. ಪಾಸ್‌ಬುಕ್ಕಿಗೂ ಸಂಘದ ಪುಸ್ತಕಕ್ಕೂ 340 ರೂಪಾಯಿ ತಾಳೆ ಬರುತ್ತಿರಲಿಲ್ಲ. ಬ್ಯಾಂಕ್ ಸಮನ್ವಯ ಪಟ್ಟಿ ಮಾಡಿ ನೋಡಿದಳಂತೆ, ಎರಡು ಕಡೆ ಬ್ಯಾಂಕಿನ ಶುಲ್ಕ ಕಡಿತವಾದದ್ದು ಬರೆದಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಉತ್ತರಕ್ಕೆ ನಮ್ಮ 400 ಪುಟದ ವರದಿಯಲ್ಲಿ ಎಲ್ಲೂ ಜಾಗ ಇರಲಿಲ್ಲ.

ಸಿಒ, ಪಿಒ, ಅಟೈನ್‌ಮೆಂಟ್ ಅಂತ ಎಲ್ಲ ಹೇಳ್ತಾರೆ. ಸ್ವಲ್ಪ ಬಿಡಿಸಿ ಹೇಳಿ.

ಹೊಸ ಲೆಕ್ಚರರ್‌ಗಳು ಹೆದರುವುದು ಇದಕ್ಕೇ. ಲೆಕ್ಕ ಸಲೀಸು. ಸಿಒ ಅಂದರೆ ಒಂದು ಪೇಪರ್ ಮುಗಿದ ಮೇಲೆ ಹುಡುಗನಿಗೆ ಏನು ಮಾಡಲಿಕ್ಕೆ ಬರಬೇಕು ಅನ್ನುವುದು. ಪಿಒ ಅಂದರೆ ಇಡೀ ಪದವಿ ಮುಗಿದ ಮೇಲೆ ಏನು ಬರಬೇಕು ಅನ್ನುವುದು. "ಬ್ಯಾಂಕ್ ಸಮನ್ವಯ ಪಟ್ಟಿ ತಯಾರಿಸಬಲ್ಲ" ಎಂಬುದು ಸಿಒ. "ಬ್ಯಾಂಕಿಂಗ್ ಬಗ್ಗೆ ಅರಿವು ಮೂಡುತ್ತದೆ" ಎಂಬುದು ಸಿಒ ಅಲ್ಲ, ಹಾರೈಕೆ.

ಅಟೈನ್‌ಮೆಂಟ್ ಅಂದರೆ ಆ ಸಿಒ ಎಷ್ಟರ ಮಟ್ಟಿಗೆ ಕೈಗೂಡಿತು ಅನ್ನುವ ಲೆಕ್ಕ. 60 ಮಕ್ಕಳು ಅಂತ ಇಟ್ಟುಕೊಳ್ಳಿ. ಆ ಸಿಒಗೆ ಸೇರಿದ ಪ್ರಶ್ನೆಗಳಲ್ಲಿ ಶೇ. 60 ಅಂಕ ಪಡೆಯಬೇಕು ಅಂತ ನೀವು ಗುರಿ ಇಟ್ಟಿದ್ದೀರಿ. 39 ಮಕ್ಕಳು ಮುಟ್ಟಿದರು, ಅಂದರೆ ಶೇ. 65. ಶೇ. 50 ಮಕ್ಕಳು ಮುಟ್ಟಿದರೆ ಮಟ್ಟ 1, 60 ಆದರೆ 2, 70 ಆದರೆ 3 ಅಂತ ಕಾಲೇಜು ನಿಗದಿ ಮಾಡಿದ್ದರೆ ನಿಮ್ಮದು ಮಟ್ಟ 2. ಇದು ನೇರ ಅಳತೆ. ಕೋರ್ಸಿನ ಕೊನೆಗೆ ಮಕ್ಕಳನ್ನೇ ಕೇಳುವ ಸಮೀಕ್ಷೆಯಲ್ಲಿ 3 ಬಂತು ಅಂತಾದರೆ ಅದು ಪರೋಕ್ಷ. ಮೊದಲನೆಯದಕ್ಕೆ ಶೇ. 80, ಎರಡನೆಯದಕ್ಕೆ ಶೇ. 20 ತೂಕ ಕೊಟ್ಟರೆ 1.6 ಮತ್ತು 0.6 ಸೇರಿ 2.2. ಗುರಿ 2.5 ಇದ್ದರೆ ಮುಂದಿನ ವರ್ಷ ಏನು ಬದಲಾಯಿಸುತ್ತೀರಿ ಅಂತ ಒಂದು ಸಾಲು ಬರೆಯಬೇಕು.

ಎಕ್ಸೆಲ್ ಹಾಳೆ ತುಂಬಿಸುವುದರಲ್ಲಿ ನಮ್ಮವರು ನಿಪುಣರು. ಬರೆಯಬೇಕಾದ ಆ ಒಂದು ಸಾಲೇ ಖಾಲಿ ಇರುತ್ತದೆ, ಇಲ್ಲವಾದರೆ "ಹೆಚ್ಚುವರಿ ತರಗತಿ ತೆಗೆದುಕೊಳ್ಳಲಾಗುವುದು" ಅಂತ ಎಲ್ಲ ಪೇಪರಿಗೂ ಒಂದೇ ವಾಕ್ಯ. ಪ್ರಶ್ನೆಪತ್ರಿಕೆ ಹಳೆಯದರ ನಕಲಾದರೆ 39 ಮಕ್ಕಳು ಬಾಯಿಪಾಠ ಮಾಡಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ದಶಮಾಂಶ ಎಷ್ಟು ಚಂದ ಇದ್ದರೂ ಏನು ಸುಖ?

ಎನ್‌ಬಿಎಗೂ ನ್ಯಾಕಿಗೂ ಏನು ವ್ಯತ್ಯಾಸ?

ನ್ಯಾಕ್ ಸಂಸ್ಥೆಗೆ, ಎನ್‌ಬಿಎ ಕೋರ್ಸಿಗೆ. ಒಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಮಾನ್ಯತೆ ಇದ್ದು ಪಕ್ಕದ ವಿಭಾಗಕ್ಕೆ ಇಲ್ಲದಿರಬಹುದು. ಸೇರುವ ಮೊದಲು "ಈ ಬ್ರಾಂಚಿಗೆ ಉಂಟಾ, ಯಾವ ವರ್ಷದ ತನಕ?" ಅಂತ ಕೇಳಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ಈ ಎನ್‌ಬಿಎಯನ್ನು 1994ರಲ್ಲಿ ಶುರು ಮಾಡಿತು, 2010ರಿಂದ ಸ್ವಾಯತ್ತ ಸಂಸ್ಥೆ. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದದ್ದು ಎನ್‌ಬಿಎ ಮೂಲಕ. ಮಾನ್ಯತೆ ಇರುವ ಬಿಇ ಪದವಿಗೆ ಆ ಒಪ್ಪಂದದ ಬೇರೆ ದೇಶಗಳಲ್ಲಿ ಸಮಾನ ಮರ್ಯಾದೆ ಸಿಗಲು ಇದು ದಾರಿ. ನಮ್ಮೂರಿನ ಅರ್ಧ ಇಂಜಿನಿಯರುಗಳು ಕೊಲ್ಲಿ ರಾಷ್ಟ್ರವೋ ಆಸ್ಟ್ರೇಲಿಯಾವೋ ಅಂತ ಹೊರಡುವವರಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎನ್‌ಐಆರ್‌ಎಫ್ ರ‍್ಯಾಂಕ್ ಕೂಡ ಇದೇನಾ?

ಅಲ್ಲ. ಅದು ಕೇಂದ್ರ ಸರಕಾರದ ರ‍್ಯಾಂಕಿಂಗ್, ಮೊದಲ ಪಟ್ಟಿ ಬಂದದ್ದು 2016ರಲ್ಲಿ. ಯಾರು ಯಾರಿಗಿಂತ ಮುಂದೆ ಅಂತ ಹೇಳುತ್ತದೆ. ಮಾನ್ಯತೆ ಹೇಳುವುದು ಕನಿಷ್ಠ ಗೆರೆ ದಾಟಿದ್ದಾರೋ ಇಲ್ಲವೋ ಅಂತ.

ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿ ತುಂಬಿಸಿ ಸಾಕಾಯಿತು. ಯಾರಾದರೂ ಓದ್ತಾರಾ?

ಈ ಪ್ರಶ್ನೆ ಕೇಳುವ ಹುಡುಗರ ಮೇಲೆ ನನಗೆ ಗೌರವ ಉಂಟು. ನಿಜ ಹೇಳುತ್ತೇನೆ: ನೀವು ತುಂಬಿಸುವ ರೀತಿಯಲ್ಲಿ ತುಂಬಿಸಿದರೆ ಓದಿಯೂ ಪ್ರಯೋಜನ ಇಲ್ಲ. ಹಾಲ್ ಟಿಕೆಟ್ ಕೊಡುವ ದಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ಇಪ್ಪತ್ತು ಪ್ರಶ್ನೆಗೂ "ಅತ್ಯುತ್ತಮ" ಒತ್ತಿ ಒಳಗೆ ಬರುತ್ತೀರಿ. ನಲವತ್ತು ಸೆಕೆಂಡು. ಒಂದು ವರ್ಷ ವರದಿಯಲ್ಲಿ, ಆ ಸೆಮಿಸ್ಟರಿನಲ್ಲಿ ರಜೆಯ ಮೇಲಿದ್ದ ಮೇಡಂ ಒಬ್ಬರಿಗೆ ಐದಕ್ಕೆ 4.8 ಬಂದಿತ್ತು.

ತಪ್ಪು ನಿಮ್ಮದು ಮಾತ್ರ ಅಲ್ಲ. ಸೆಮಿಸ್ಟರ್ ಮುಗಿದ ಮೇಲೆ ಕೇಳಿದರೆ ನಿಮಗೇನು ಲಾಭ, ಬದಲಾದರೆ ಜೂನಿಯರ್‌ಗಳಿಗೆ. ಹಾಗಾಗಿ ನಾವು ಕ್ರಮ ಬದಲಾಯಿಸಿದೆವು. ಐದನೇ ವಾರ ಒಂದು ಬಿಳಿ ಹಾಳೆ, ಹೆಸರು ಬರೆಯುವುದು ಬೇಡ. ಎರಡೇ ಪ್ರಶ್ನೆ: ಯಾವುದು ಅರ್ಥವಾಗಿಲ್ಲ? ಯಾವುದನ್ನು ನಿಲ್ಲಿಸಬೇಕು? ಮೊದಲ ಸಲ 58 ಹಾಳೆಯಲ್ಲಿ 31ರಲ್ಲಿ ಒಂದೇ ಮಾತು: "ಪಿಪಿಟಿ ಓದಿ ಹೇಳುವುದನ್ನು ನಿಲ್ಲಿಸಿ." ಆ ಪೇಪರ್ ಮಾಡುತ್ತಿದ್ದದ್ದು ನಾನು. ಹಾಳೆಗಳನ್ನು ಒಟ್ಟು ಮಾಡಿದ್ದೂ ನಾನೇ ಆದ್ದರಿಂದ ಅಡಗಿಸಿಡುವ ಆಸೆ ಒಮ್ಮೆ ಬಂತು. ಮರುವಾರ ಸೀಮೆಸುಣ್ಣ ಹಿಡಿದೆ.

ಫೀಡ್‌ಬ್ಯಾಕ್ ಫೈಲಿನಲ್ಲಿ ನೋಡಬೇಕಾದ ಹಾಳೆ ಯಾವುದು ಅಂತ ಕೇಳಿದರೆ, ಬಣ್ಣದ ಪೈ ಚಾರ್ಟ್ ಅಲ್ಲ, ಅದರ ಹಿಂದಿರುವ ಕ್ರಮ ಕೈಗೊಂಡ ವರದಿ. ಎಟಿಆರ್ ಅನ್ನುತ್ತಾರೆ. ಯಾರು ಏನು ಹೇಳಿದರು, ಯಾವ ತಾರೀಕಿನ ಮೀಟಿಂಗಿನಲ್ಲಿ ಇಟ್ಟಿರಿ, ಏನು ಮಾಡಿದಿರಿ, ಏನು ಮಾಡಲಿಕ್ಕೆ ಆಗಲಿಲ್ಲ, ಯಾಕೆ. ಕೊನೆಯ ಎರಡು ಕಾಲಮ್ ತುಂಬಿದ್ದರೆ ಆ ಕಾಲೇಜಿನಲ್ಲಿ ಜೀವ ಇದೆ.

ಹಳೆ ವಿದ್ಯಾರ್ಥಿಗಳನ್ನು ಯಾಕೆ ಕೇಳುತ್ತಾರೆ? ದುಡ್ಡಿಗಾ?

ದುಡ್ಡಿಗೂ ಹೌದು, ಮುಚ್ಚಿಡುವುದೇಕೆ. ಆದರೆ ಕೋರ್ಸಿನಲ್ಲಿ ಏನು ಕಡಿಮೆಯಾಯಿತು ಅಂತ ಚೆನ್ನಾಗಿ ಬಲ್ಲವರು ಕೆಲಸಕ್ಕೆ ಸೇರಿ ಎರಡು ವರ್ಷ ಆದವರು. ಮಸ್ಕತ್‌ನಲ್ಲಿ ಅಕೌಂಟ್ಸ್ ನೋಡುವ ನಮ್ಮ ಹುಡುಗನೊಬ್ಬ ಝೂಮ್ ಮೀಟಿಂಗಿನಲ್ಲಿ ಹೇಳಿದ್ದು: "ಸರ್, ಬ್ಯಾಲೆನ್ಸ್ ಶೀಟ್ ಕಲಿಸಿದಿರಿ, ಅದನ್ನು ಇಬ್ಬರ ಎದುರು ನಿಂತು ವಿವರಿಸಲಿಕ್ಕೆ ಕಲಿಸಲಿಲ್ಲ." ಆ ಒಂದು ಮಾತಿನಿಂದ ನಮ್ಮ ಆಂತರಿಕ ಅಂಕದಲ್ಲಿ ಹತ್ತು ನಿಮಿಷದ ಬಾಯಿಮಾತಿನ ಪರೀಕ್ಷೆ ಬಂತು.

ಪರಿಶೀಲನೆ ಮಾಡಿ ಕೋರ್ಸ್ ಮುಚ್ಚುತ್ತಾರಾ?

ನ್ಯಾಕಿನವರು ಬಂದು ಮುಚ್ಚುವುದಿಲ್ಲ. ಕೋರ್ಸುಗಳು ಸಾಯುವುದು ಅಡ್ಮಿಷನ್ ಇಲ್ಲದೆ. ಐಚ್ಛಿಕ ಕನ್ನಡಕ್ಕೆ ಏಳು ಜನ, ಇತಿಹಾಸಕ್ಕೆ ಒಂಬತ್ತು ಜನ ಅಂತಾದಾಗ ಮ್ಯಾನೇಜ್‌ಮೆಂಟಿನ ಮೀಟಿಂಗಿನಲ್ಲಿ "ವಯಬಲ್ ಅಲ್ಲ" ಅಂತ ಒಂದು ಶಬ್ದ ಬರುತ್ತದೆ. ಸಂಖ್ಯೆ ಗುಣಮಟ್ಟದ ಅಳತೆ ಅಲ್ಲ ಅಂತ ನಾನು ಎಷ್ಟು ಸಲ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಏಳು ಜನರ ಕನ್ನಡ ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಬಿಡಿಸಿ ಓದುವುದನ್ನು ಮಕ್ಕಳು ಕಲಿಯುತ್ತಾರೆ. 120 ಜನ ತುಂಬಿದ ಬಿಬಿಎ ತರಗತಿಯಲ್ಲಿ ಹಿಂದಿನ ಸಾಲಿಗೆ ಪಾಠವೇ ಕೇಳುವುದಿಲ್ಲ. ಎರಡರಲ್ಲಿ ಯಾವುದನ್ನು ಮೊದಲು ಪರಿಶೀಲಿಸಬೇಕು ಹೇಳಿ. ಆದರೂ ಸಂಬಳದ ಲೆಕ್ಕ ಮ್ಯಾನೇಜ್‌ಮೆಂಟ್ ಮಾಡಲೇಬೇಕು, ಅದೂ ಸುಳ್ಳಲ್ಲ.

ಇದರಲ್ಲಿ ಮೋಸ ನಡೆಯುವುದಿಲ್ವಾ?

ನಡೆಯುತ್ತದೆ. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಒಂದು ಸಂಸ್ಥೆಗೆ ಒಳ್ಳೆ ಗ್ರೇಡು ಕೊಡಲು ಲಂಚ ಪಡೆದ ಆರೋಪದಲ್ಲಿ ನ್ಯಾಕ್ ಪರಿಶೀಲನಾ ತಂಡದವರನ್ನೇ ಸಿಬಿಐ ಬಂಧಿಸಿತು. ಪೇಪರಿನಲ್ಲಿ ನೀವೂ ಓದಿರಬಹುದು. ಅದು ದೊಡ್ಡ ಮೋಸ. ನಾವು ದಿನಾ ಮಾಡುವ ಸಣ್ಣ ಮೋಸ ಬೇರೆ: ನಡೆಯದ ಮೀಟಿಂಗಿನ ನಡಾವಳಿ ಬರೆಯುವುದು, ಒಂದೇ ಸೆಮಿನಾರಿನ ಫೋಟೋವನ್ನು ಮೂರು ಕೋನದಿಂದ ತೆಗೆದು ಮೂರು ಕಾರ್ಯಕ್ರಮ ಮಾಡುವುದು. ಫೋಟೋದಲ್ಲಿ ಸ್ಥಳ, ತಾರೀಕು ಮೂಡಿರಬೇಕು ಅಂತ ಕೇಳಲಿಕ್ಕೆ ಶುರುವಾದದ್ದು ನಮ್ಮಂಥವರ ಈ ಕಲೆಯಿಂದಲೇ.

ನಾನು ಹೊಸ ಲೆಕ್ಚರರ್. ಫೈಲ್ ಎಲ್ಲಿಂದ ಶುರು ಮಾಡಲಿ?

ಫೈಲಿನಿಂದ ಬೇಡ ಮಾರಾಯ್ರೆ. ನಿಮ್ಮ ಪೇಪರಿನ ಕಳೆದ ವರ್ಷದ ಉತ್ತರಪತ್ರಿಕೆಗಳಲ್ಲಿ ಹತ್ತನ್ನು ಕೂತು ಓದಿ. ಆಂತರಿಕ ಪರೀಕ್ಷೆಯದ್ದು ವಿಭಾಗದಲ್ಲೇ ಇರುತ್ತದೆ. ಚೆನ್ನಾಗಿ ಬರೆದವರದ್ದು ಮೂರು, ನಡುವಿನವರದ್ದು ನಾಲ್ಕು, ಸೋತವರದ್ದು ಮೂರು. ಎಲ್ಲಿ ಎಡವಿದ್ದಾರೆ ಅಂತ ಒಂದು ಪುಟ ಬರೆದುಕೊಳ್ಳಿ. ಪಾಠದ ಯೋಜನೆ, ಸಿಒ, ಅಟೈನ್‌ಮೆಂಟ್, ಮುಂದಿನ ವರ್ಷದ ಬದಲಾವಣೆ ಎಲ್ಲ ಆ ಒಂದು ಪುಟದಿಂದ ತಾನಾಗಿ ಹೊರಡುತ್ತದೆ. ತಾರೀಕು ಹಾಕಿಡಿ, ಅದೇ ದಾಖಲೆ.

ಸೇರಿಸುವ ಮೊದಲು ಪೋಷಕರು ಕಾಲೇಜಿನಲ್ಲಿ ಎಂತ ಕೇಳಬೇಕು?

ಮೊದಲು ಕಾಲೇಜಿನ ವೆಬ್‌ಸೈಟಿನಲ್ಲಿ ಐಕ್ಯೂಎಸಿ ಎಂಬ ಕೊಂಡಿ ಒತ್ತಿ. ಎಕ್ಯೂಎಆರ್, ಸ್ವ-ಅಧ್ಯಯನ ವರದಿ, ಪಿಯರ್ ಟೀಮ್ ವರದಿ ಅಲ್ಲಿ ಇರಬೇಕು. ಪಿಯರ್ ಟೀಮ್ ವರದಿಯ ಕೊನೆಯಲ್ಲಿ ದೌರ್ಬಲ್ಯಗಳು, ಶಿಫಾರಸುಗಳು ಅಂತ ಅರ್ಧ ಪುಟ ಇರುತ್ತದೆ. ಉಳಿದದ್ದು ಬಿಟ್ಟರೂ ಅದನ್ನು ಓದಿ. ಆಮೇಲೆ ಆ ಕೋರ್ಸಿನಲ್ಲಿ ಎಷ್ಟು ಜನ ಕಾಯಂ ಅಧ್ಯಾಪಕರು ಅಂತ ಕೇಳಿ.

ಕಳೆದ ಜೂನಿನಲ್ಲಿ ಮಲ್ಪೆ ಕಡೆಯ ಒಬ್ಬ ಅಮ್ಮ ಮಗನ ಜೊತೆ ಬಂದಿದ್ದರು. ಆಫೀಸಿನಲ್ಲಿ ಫೀಸು, ಸ್ಕಾಲರ್‌ಶಿಪ್ ಎಲ್ಲ ಕೇಳಿಯಾದ ಮೇಲೆ, "ಹೋದ ವರ್ಷ ಮಕ್ಕಳು ಎಂತೆಲ್ಲ ದೂರು ಕೊಟ್ಟಿದ್ರು? ಅದರಲ್ಲಿ ಎಷ್ಟು ಸರಿ ಮಾಡಿದ್ದೀರಿ?" ಅಂದರಂತೆ. ಆಫೀಸಿನವರಿಗೆ ಉತ್ತರ ಗೊತ್ತಿಲ್ಲದೆ ನನ್ನ ಕೋಣೆಗೆ ಕಳಿಸಿದರು. ನಾನು ಎಟಿಆರ್ ಫೈಲ್ ತೆಗೆದು ಅವರೆದುರಿಗೇ ಎಣಿಸಬೇಕಾಯಿತು. ಬಿಕಾಂ ವಿಭಾಗದ್ದು ಐದು ದೂರು ಇದ್ದವು. ಎರಡು ಮುಗಿದಿತ್ತು, ಒಂದು ಅರ್ಧ ಆಗಿತ್ತು, ಇನ್ನೆರಡರ ಎದುರು ಏನೂ ಬರೆದಿರಲಿಲ್ಲ. ಆ ಅಮ್ಮ ಫೈಲಿನ ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು, ಖಾಲಿ ಇದ್ದ ಎರಡರಲ್ಲಿ ಮೊದಲನೆಯದರ ಮೇಲೆ ಬೆರಳಿಟ್ಟು, "ಇದು ಎಂತ ಸರ್?" ಅಂದರು.